ನಾಲ್ಕು ಊರಿನ ಎಡಗೈಗಳು

“ಭಾವ, ನನ್ನ ಗಡ್ಡ ನಿಮ್ಮ ಆಸ್ತಿ ಅಲ್ಲ, ಹೇಳಿಬಿಟ್ಟಿದೀನಿ!”

ಹೋಟೆಲಿನಲ್ಲಿ ತಿಂಡಿಗೆ ಕೂತಿದ್ದವರೆಲ್ಲ ಕತ್ತು ಹೊರಳಿಸಿ ನೋಡಿದರು. ಹೇಳಿದವನು ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಗುಟ್ಟು ಹೇಳಿದರೂ ಹಿಂದಿನ ಸೀಟಿಗೆ ಕೇಳಿಸುವ ಗಂಟಲು. ಎದುರಿಗೆ ಕೂತಿದ್ದವನು ಅವನ ಅಕ್ಕನ ಗಂಡ, ಕಸುಬಿನಲ್ಲಿ ಕ್ಷೌರಿಕ. ಇಬ್ಬರ ನಡುವೆ ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವಳು ಅಕ್ಕ.

“ಮೆಲ್ಲಗೆ ಮಾತಾಡೋ, ಇದು ನಿನ್ನ ಬಸ್ಸಲ್ಲ,” ಎಂದ ಕ್ಷೌರಿಕ. “ಇವತ್ತೊಂದು ದಿನ ಬಾ. ಚೌಕದ ಹಿಂದಿನ ಗಲ್ಲೀಲಿ ಇನ್ನೊಂದು ಅಂಗಡಿ ನೋಡಿಟ್ಟಿದೀನಿ.”

“ನಿನ್ನೆ ಬೆಳಿಗ್ಗೆ ಒಂದು ಸಲ, ಸಾಯಂಕಾಲ ಒಂದು ಸಲ ಹೆರೆಸಿದೀರಿ. ಮುಟ್ಟಿ ನೋಡಿ ಬೇಕಾದ್ರೆ. ಸಿಪ್ಪೆ ತೆಗೆದ ಮೂಲಂಗಿ ಆಗಿದೆ. ಬೆಳೆಯೋಕಾದ್ರೂ ಬಿಡಿ ಸ್ವಾಮಿ!”

“ನಿಂಗೇನೋ, ಮಧ್ಯಾಹ್ನದೊಳಗೆ ಇನ್ನೊಂದು ಪೈರು ಎದ್ದಿರುತ್ತೆ,” ಎಂದಳು ಅಕ್ಕ.

“ಅಕ್ಕ, ನೀನೂ ಭಾವನ ಕಡೆನಾ?”

“ನಾನು ಯಾರ ಕಡೆಗೂ ಇಲ್ಲಪ್ಪ. ನಾನು ಬಂದಿರೋದು ಅರಮನೆ ನೋಡೋಕೆ.”

ಅದು ನಿಜ. ಹದಿನಾಲ್ಕು ದಿನದಲ್ಲಿ ನಾಲ್ಕು ಊರು ತೋರಿಸುವ ಈ ಪ್ರವಾಸದ ಆಸೆ ಅವಳದು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಅವಳು, ಹಳೇ ಕ್ಯಾಲೆಂಡರುಗಳಿಂದ ಕೋಟೆ, ಅರಮನೆ, ಗೋಪುರಗಳ ಚಿತ್ರ ಕತ್ತರಿಸಿ ಅಳತೆ ಪುಸ್ತಕದ ಒಳಗೆ ಜೋಪಾನ ಮಾಡಿದವಳು. ಒಂದಲ್ಲ ಒಂದು ದಿನ ಇವನ್ನೆಲ್ಲ ಕಣ್ಣಾರೆ ನೋಡಬೇಕು ಅನ್ನುತ್ತಿದ್ದಳು. ಗಂಡ ಮೊದಲಿಗೆ ನಾನು ಬರಲ್ಲ ಅಂದ. ಒಂದು ವಾರ ಬಿಟ್ಟು ತಾನಾಗಿಯೇ, “ಬರ್ತೀನಿ. ಆದ್ರೆ ಏನು ನೋಡಬೇಕು ಅನ್ನೋದು ನನ್ನಿಷ್ಟ,” ಅಂದ. ಅವಳಿಗೆ ಅಷ್ಟು ಸಾಕಾಗಿತ್ತು. ಅವನ ಇಷ್ಟ ಏನೆಂದು ಗೊತ್ತಾದದ್ದು ಮೊದಲನೇ ಊರಿಗೆ ಬಂದಿಳಿದ ಮೇಲೆ.

ಅವನು ನೋಡಲು ಬಂದದ್ದು ಕ್ಷೌರಿಕರ ಎಡಗೈಗಳನ್ನು.

ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಅವನ ಎಡಗೈಯಿಂದ ಚೊಂಬು ಜಾರಿತ್ತು. ಎತ್ತಿಕೊಳ್ಳಲು ಬಗ್ಗಿದವನು ಲಕ್ವ ಹೊಡೆದು ಅಲ್ಲೇ ಕುಸಿದ. ಆಸ್ಪತ್ರೆ, ಮಾತ್ರೆ, ವ್ಯಾಯಾಮ ಎಂದು ಮೂರು ತಿಂಗಳು ಕಳೆಯುವಷ್ಟರಲ್ಲಿ ತೊದಲುತ್ತಿದ್ದ ಮಾತು ಸರಿಹೋಯಿತು, ಎಳೆಯುತ್ತಿದ್ದ ಕಾಲು ನೆಟ್ಟಗಾಯಿತು. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಸತ್ಯಾಗ್ರಹ ಹೂಡಿ ಕೂತವು. ಉಳಿದ ಮೂರು ಬೆರಳಲ್ಲಿ ಬಾಚಣಿಗೆ ಅವಚಿಕೊಂಡು ಕೂದಲು ಕತ್ತರಿಸುವುದನ್ನು ಹೇಗೋ ಸುಧಾರಿಸಿಕೊಂಡ. ಆದರೆ ಗಡ್ಡ ಹೆರೆಯುವ ಕೆಲಸ ಹಾಗಲ್ಲ. ಬಲಗೈಯಲ್ಲಿ ಕತ್ತಿ ಆಡುವಾಗ ಎಡಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸೇರಿ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಸಡಿಲ ಬಿಟ್ಟರೆ ಕತ್ತಿ ಕೂದಲನ್ನು ಬಿಟ್ಟು ಚರ್ಮವನ್ನೇ ಕಚ್ಚುತ್ತದೆ.

ಕಚ್ಚಿಯೂ ಕಚ್ಚಿತ್ತು. ಅಂಗಡಿ ಮತ್ತೆ ತೆರೆದ ದಿನ ಬೆರಳಿನ ಸಂಗತಿ ಯಾರಿಗೂ ಹೇಳದೆ, ಮೊದಲು ಬಂದ ಮೇಷ್ಟ್ರನ್ನೇ ಕೂರಿಸಿಕೊಂಡಿದ್ದ. ಮೇಷ್ಟ್ರು ಇಪ್ಪತ್ತಾರು ವರ್ಷದಿಂದ ದಿನ ಬಿಟ್ಟು ದಿನ ಬರುವ ಗಿರಾಕಿ. ವಯಸ್ಸಾದ ಕತ್ತು, ಜೋಲುವ ಚರ್ಮ. ದವಡೆಯ ಕೆಳಗೆ ಎರಡಂಗುಲದ ಗೆರೆ ಬಿದ್ದು ರಕ್ತ ಬಟ್ಟೆಗೆ ಇಳಿಯಿತು. ಮೇಷ್ಟ್ರು ಟವೆಲ್ ಒತ್ತಿ ಹಿಡಿದುಕೊಂಡು “ಏನೂ ಆಗಿಲ್ಲ ಬಿಡು, ಏನೂ ಆಗಿಲ್ಲ” ಅಂದರು. ಒಂದು ದಿನ ಬಿಟ್ಟು ಎಂದಿನಂತೆ ಬಂದರು. ಬೆಂಚಿನ ಮೇಲೆ ಕೂತು ಪೇಪರ್ ಓದಿದರು. ಎದ್ದು ಹೋದರು. ಮತ್ತೊಂದು ದಿನ ಬಿಟ್ಟು ಬಂದಾಗಲೂ ಹಾಗೆಯೇ. ಕುರ್ಚಿಗೆ ಬರಲಿಲ್ಲ, ಎದುರು ಸಾಲಿನ ಕ್ಷೌರದಂಗಡಿಗೂ ಹೋಗಲಿಲ್ಲ. ಗಡ್ಡ ಬೆಳೆಯುತ್ತಾ ಹೋಯಿತು. ಕುತ್ತಿಗೆ ಮುಚ್ಚುವಷ್ಟು ಇಳಿದ ಆ ಬಿಳಿ ಗಡ್ಡವನ್ನು ಕನ್ನಡಿಯಲ್ಲಿ ಕಂಡಾಗಲೆಲ್ಲ ಕ್ಷೌರಿಕನಿಗೆ ಅದು ತನ್ನ ಮೇಲೆ ಹಾಕಿದ ಫಿರ್ಯಾದಿನ ಹಾಗೆ ಕಾಣುತ್ತಿತ್ತು.

“ಎದುರುಗಡೆ ಹೋಗಬಾರದಾ ಮೇಷ್ಟ್ರೇ?” ಎಂದು ಒಮ್ಮೆ ಕೇಳಿದ್ದ.

“ನನಗೇನು ಅವಸರ ಇಲ್ಲ,” ಎಂದು ಮೇಷ್ಟ್ರು ಪುಟ ತಿರುವಿದ್ದರು.

ಅವತ್ತೇ ಅವನು ಹಠಕ್ಕೆ ಬಿದ್ದ. ಪ್ರಪಂಚ ಇಷ್ಟು ದೊಡ್ಡದಿದೆ, ಗಡ್ಡ ಎಲ್ಲ ಕಡೆಯೂ ಬೆಳೆಯುತ್ತದೆ. ಎಲ್ಲೋ ಒಬ್ಬನಾದರೂ ಹೆಬ್ಬೆರಳಿಲ್ಲದೆ ಚರ್ಮ ಬಿಗಿ ಮಾಡುತ್ತಿರಬೇಕು. ಅವನನ್ನು ಹುಡುಕಬೇಕು.

ಹುಡುಕಲು ಒಂದು ಗಡ್ಡ ಬೇಕಿತ್ತು. ತಾನು ಕೂರುವ ಹಾಗಿರಲಿಲ್ಲ. ಕೂತರೆ ನೋಡುವವರು ಯಾರು? ಅದೂ ಅಲ್ಲದೆ, ಅಪ್ಪ ತೀರಿಕೊಂಡ ಮೇಲೆ ಇನ್ನೊಬ್ಬನ ಕುರ್ಚಿಯಲ್ಲಿ ಕೂತವನಲ್ಲ ಅವನು. ಹೀಗಾಗಿ ಕಂಡಕ್ಟರನ ಮುಖ ಸರ್ಕಾರಿ ರಸ್ತೆಯಾಯಿತು.

ಚೌಕದ ಹಿಂದಿನ ಗಲ್ಲಿಗೂ ಕಡೆಗೆ ಭಾಮೈದ ಬಂದ. ಎರಡೇ ಕುರ್ಚಿಯ ಅಂಗಡಿ. ದಪ್ಪ ಹೊಟ್ಟೆಯ ಕ್ಷೌರಿಕ, ಗಿರಾಕಿಯ ತಲೆಯನ್ನು ದಿಂಬಿಗೆ ಒರಗಿಸುವ ಬದಲು ತನ್ನ ಹೊಟ್ಟೆಗೇ ಒರಗಿಸಿಕೊಂಡ. ಬೆರಳು ಬಿಟ್ಟು ಇಡೀ ಅಂಗೈಯಿಂದ ಕೆನ್ನೆಯನ್ನು ಕಿವಿಯ ಕಡೆಗೆ ತಳ್ಳಿದ. ಬೆಂಚಿನ ಮೇಲಿದ್ದ ನಮ್ಮವನು ತಟ್ಟನೆ ಎದ್ದು ಕುರ್ಚಿಯ ಪಕ್ಕಕ್ಕೇ ಹೋಗಿ ಬಗ್ಗಿ ನೋಡತೊಡಗಿದ. ಆ ಮನುಷ್ಯ ಕತ್ತಿ ನಿಲ್ಲಿಸಿ ಇವನನ್ನೊಮ್ಮೆ, ಕುರ್ಚಿಯಲ್ಲಿದ್ದವನನ್ನೊಮ್ಮೆ ನೋಡಿದ.

“ಭಾವ, ದೂರ ನಿಲ್ಲಿ. ನನ್ನ ಕತ್ತಲ್ಲೇನೋ ಕಳೆದುಕೊಂಡಿದೀರ ಅಂದ್ಕೊಂಡಿದಾನೆ ಇವನು,” ಎಂದ ಭಾಮೈದ ತುಟಿ ಅಲುಗಿಸದೆ.

ನಮ್ಮ ಕ್ಷೌರಿಕ ಹೋಟೆಲಿಗೆ ವಾಪಸ್ ಬಂದವನೇ ತನ್ನ ಕೆನ್ನೆಗೆ ನೊರೆ ಬಳಿದುಕೊಂಡು ಅಂಗೈಯಿಂದ ತಳ್ಳಿ ನೋಡಿದ. ಅಂಗೈ ಸೋಪಿನ ಮೇಲೆ ಜಾರಿ ಕಿವಿಗೆ ಹೋಯಿತು. ಬಲ ಇಲ್ಲದ ಕೈಗೆ ಹಿಡಿತ ಎಲ್ಲಿಯದು? ಹೆಂಡತಿಯ ಹತ್ತಿರ ನೋಟ್‌ಬುಕ್ ಕೇಳಿದ. ಅವಳು ಅದರಲ್ಲಿ ಅರಮನೆಯ ಕಿಟಕಿ, ನೆಲದ ಹಾಸುಗಳ ವಿನ್ಯಾಸವನ್ನೆಲ್ಲ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು.

“ಹಿಂದಿನ ಪುಟದಿಂದ ಬರ್ಕೊಳ್ಳಿ. ನನ್ನ ಕಿಟಕಿ ಹತ್ತಿರ ಬಂದ್ರೆ ನೋಡಿ ಮತ್ತೆ,” ಎಂದಳು.

ಅವನು ಹಿಂದಿನ ಪುಟದಲ್ಲಿ ಬರೆದ: ‘ಹೊಟ್ಟೆಗೆ ಒರಗಿಸುವುದು ಒಳ್ಳೆಯದು, ತಲೆ ಅಲ್ಲಾಡಲ್ಲ. ಅಂಗೈ ಆಗಲ್ಲ.’

ಎರಡನೇ ಊರಿನಲ್ಲಿ ಭಾಮೈದನ ಮುಖಕ್ಕೆ ರಜೆ ಸಿಕ್ಕಿತು. ಅಂದು ವಾರದ ಬಿಡುವು, ಅಂಗಡಿಗಳೆಲ್ಲ ಮುಚ್ಚಿದ್ದವು. ಪ್ರವಾಸದ ಗುಂಪನ್ನು ಕರೆದೊಯ್ಯುವ ಹುಡುಗಿ, ಹಳದಿ ಬಾವುಟ ಎತ್ತಿ ಹಿಡಿದು ನಡೆಯುವವಳು, ಇಪ್ಪತ್ತೆರಡು ಜನರನ್ನು ದೊಡ್ಡ ವಸ್ತುಸಂಗ್ರಹಾಲಯದೊಳಕ್ಕೆ ಕುರಿ ಹಿಂಡಿನಂತೆ ನಡೆಸಿದಳು. ಕಿರೀಟ, ಈಟಿ, ಮಡಕೆ ಚೂರುಗಳ ಮುಂದೆ ಕ್ಷೌರಿಕ ಕೈ ಕಟ್ಟಿಕೊಂಡು ಮುಂದೆ ಸಾಗಿದ. ಹನ್ನೊಂದನೇ ಕೋಣೆಯಲ್ಲಿ ನಿಂತವನು ಮತ್ತೆ ಅಲುಗಲಿಲ್ಲ.

ಗೋಡೆಯ ಮೇಲೆ ಮುನ್ನೂರು ವರ್ಷದ ಹಿಂದಿನ ಚಿತ್ರ. ಒಂದು ಕ್ಷೌರದಂಗಡಿ. ಗಿರಾಕಿ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾನೆ, ಮುಖದ ತುಂಬ ನೊರೆ. ಗಲ್ಲದ ಕೆಳಗೆ ಒಂದು ಅಗಲವಾದ ಬೋಗುಣಿ. ಕುತ್ತಿಗೆಗೆ ಸರಿಯಾಗಿ ಕೂರಲೆಂದು ಅದರ ಅಂಚಿನಲ್ಲಿ ಅರ್ಧಚಂದ್ರದ ಕಚ್ಚು. ಆ ಬೋಗುಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿರುವವನು ಗಿರಾಕಿಯೇ. ಚಿತ್ರದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಅಂಥದೇ ಒಂದು ಹಿತ್ತಾಳೆಯ ಬೋಗುಣಿ ಇತ್ತು.

ಹೆಂಡತಿ ಹುಡುಕಿಕೊಂಡು ಬಂದಳು. “ರೀ, ಎಲ್ಲರೂ ಮಹಡಿಗೆ ಹೋದ್ರು. ಏನು ನೋಡ್ತಾ ನಿಂತಿದೀರಿ?”

“ಇವನ ಕೈ ನೋಡೇ.”

“ಯಾರದು, ಕ್ಷೌರದವನದಾ?”

“ಅಲ್ಲ, ಗಿರಾಕಿದು. ಇಲ್ನೋಡು, ಕೆಲಸ ಮಾಡ್ತಿದಾನೆ. ನಮ್ಮಲ್ಲಿ ಗಿರಾಕಿ ಕೂತ ಅಂದ್ರೆ ಮುಗೀತು, ಬಟ್ಟೆ ಒಳಗೆ ಕೈ ಇಟ್ಕೊಂಡು ನಿದ್ದೆ. ನಾವು ಅವನ ಕೈಯನ್ನ ಬಟ್ಟೆ ಹೊದಿಸಿ ಮುಚ್ಚಿಬಿಡ್ತೀವಿ.” ಅವನ ದನಿ ಏರಿತು. “ನನಗೆ ಎರಡು ಬೆರಳು ಕಡಿಮೆ ಇದಾವೆ. ಕುರ್ಚೀಲಿ ಕೂತವನ ಹತ್ರ ಹತ್ತು ಬೆರಳು ದಂಡಕ್ಕೆ ಬಿದ್ದಿದಾವೆ!”

ಹೆಂಡತಿ ಚಿತ್ರವನ್ನೂ ಗಂಡನನ್ನೂ ಎರಡೆರಡು ಸಲ ನೋಡಿದಳು. ಆಮೇಲೆ ನೋಟ್‌ಬುಕ್ಕಿನ ಮುಂದಿನ ಕಡೆಯಿಂದಲೇ ಒಂದು ಪುಟ ತೆರೆದು, ಬೋಗುಣಿಯನ್ನು ಕಚ್ಚಿನ ಸಮೇತ ಬರೆದುಕೊಂಡಳು.

ಉಪಾಯವೇನೋ ಸಿಕ್ಕಿತು. ಗಿರಾಕಿಯೇ ತನ್ನ ಚರ್ಮ ಬಿಗಿ ಮಾಡಿಕೊಳ್ಳಬೇಕು. ಎಲ್ಲಿ, ಯಾವ ಕಡೆಗೆ, ಎಷ್ಟು ಅಂತ ಇವನು ಹೇಳಬೇಕು. ಮೂರನೇ ಊರಿನ ಹೋಟೆಲ್ ಕೋಣೆಯಲ್ಲಿ ಮಧ್ಯಾಹ್ನ ಭಾಮೈದನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಟವೆಲ್ ಸುತ್ತಿ, ನೊರೆ ಬಳಿದು, ತನ್ನ ಸ್ವಂತ ಕತ್ತಿ ಹೊರತೆಗೆದ.

“ಅಕ್ಕ, ಇವರ ಕೈ ನಡುಗ್ತಾ ಇದೆಯಾ ನೋಡೇ.”

“ಬಲಗೈ ನಡುಗಲ್ಲ ಕಣೋ. ಮಾತಾಡಬೇಡ,” ಎಂದ ಕ್ಷೌರಿಕ. “ಈಗ ಕೆನ್ನೆ ಎಳ್ಕೊ.”

“ಯಾವ ಕೆನ್ನೆ?”

“ಎಡಗಡೆದು.”

“ನಿಮ್ಮ ಎಡನೋ ನನ್ನ ಎಡನೋ?”

“ಇಬ್ಬರದೂ ಒಂದೇ ಕಡೆ ಮುಖ ಇದೆಯಲ್ಲೋ! ಹಾಂ, ಅದೇ. ಮೇಲಕ್ಕೆ. ಅಷ್ಟಲ್ಲ. ಕಣ್ಣು ಕಿತ್ಕೊಂಡು ಬರುತ್ತೆ. ಸ್ವಲ್ಪ ಹಿಂದಕ್ಕೆ... ಅಲ್ಲ, ಮುಂದಕ್ಕೆ...”

ಅವನು ನಿಂತುಬಿಟ್ಟ. ಮೂವತ್ತೆಂಟು ವರ್ಷದಲ್ಲಿ ಲಕ್ಷ ಸಲ ಮಾಡಿದ ಕೆಲಸ, ಬಾಯಲ್ಲಿ ಹೇಳು ಅಂದರೆ ಬಾರದು! ಅವನು ಇಷ್ಟು ವರ್ಷವೂ ಬಲಗೈಯನ್ನೇ ನೋಡುತ್ತಾ ಬಂದಿದ್ದ. ಹೆಸರು, ಹೊಗಳಿಕೆ ಎಲ್ಲ ಅದಕ್ಕೇ. ಎಡಗೈ ತನ್ನಷ್ಟಕ್ಕೆ ತಾನು ಯಾರನ್ನೂ ಕೇಳದೆ ದುಡಿದಿತ್ತು. ಅದಕ್ಕೆ ಗೊತ್ತಿದ್ದದ್ದು ಇವನಿಗೆ ಗೊತ್ತಿರಲಿಲ್ಲ. ಆದರೂ ಬಿಡಲಿಲ್ಲ. ಕೆನ್ನೆ ಹೇಗೋ ಮುಗಿಯಿತು. ಗಲ್ಲಕ್ಕೆ ಬಂದಾಗ “ಕೆಳಕ್ಕೆ” ಎಂದ. ಕತ್ತಿಯೂ ಕೆಳಕ್ಕೇ ಹೊರಟಿತ್ತು. ಕತ್ತಿ ಹೋಗುವ ದಿಕ್ಕಿಗೆ ಎದುರಾಗಿ ಎಳೆಯಬೇಕು ಎಂಬುದು ಹೊಳೆದು “ಮೇಲಕ್ಕೆ, ಮೇಲಕ್ಕೆ!” ಎಂದು ಕೂಗುವುದರೊಳಗೆ ಗಲ್ಲದಲ್ಲಿ ಕೆಂಪು ಚುಕ್ಕೆ ಎದ್ದಿತ್ತು.

“ಸ್ಟಾಪ್! ಸ್ಟಾಪ್!” ಎಂದು ಕಂಡಕ್ಟರ್ ಹೋಟೆಲಿಗೇ ಕೇಳುವಂತೆ ಅರಚಿ, ನೊರೆಯ ಮುಖದಲ್ಲೇ ಬಚ್ಚಲಿಗೆ ಓಡಿದ.

ಹೆಂಡತಿ ರಕ್ತ ನಿಲ್ಲಿಸುವ ಪಟಿಕದ ಕಲ್ಲು ತೆಗೆದುಕೊಂಡು ತಮ್ಮನ ಹಿಂದೆ ಹೋದಳು. ವಾಪಸ್ ಬಂದು ಗಂಡನ ಮುಂದೆ ನಿಂತಳು. “ರೀ, ಸಾಕು ಮಾಡೋಣ. ಕೂದಲು ಕತ್ತರಿಸ್ತೀರಲ್ಲ, ಅಂಗಡಿ ನಡೀತಿದೆಯಲ್ಲ, ಇನ್ನೇನು ಬೇಕು? ಮೇಷ್ಟ್ರು ಏನಾದ್ರೂ ಅಂದಿದಾರಾ ನಿಮಗೆ?”

“ಅಂದಿದ್ರೆ ಪರವಾಗಿರಲಿಲ್ಲ ಕಣೇ. ಏನೂ ಅನ್ನಲ್ಲ, ಎದುರುಗಡೆಗೂ ಹೋಗಲ್ಲ. ಕಾಯ್ತಾ ಕೂತಿದಾರೆ. ಕಾಯೋವರೆಗೆ ನಾನು ಸಾಕು ಅನ್ನೋಕಾಗಲ್ಲ.”

ಅವಳು ಕತ್ತಿಯನ್ನು ಒರೆಸಿ ಅದರ ಡಬ್ಬಿಗೆ ಹಾಕಿದಳು.

ನಾಲ್ಕನೇ ಊರು, ಕೊನೆಯ ದಿನ. ಮುನ್ನೂರು ಮೆಟ್ಟಿಲ ಗೋಪುರ ಅಲ್ಲಿಯದು. ಹೆಂಡತಿಯ ಕ್ಯಾಲೆಂಡರ್ ಚಿತ್ರಗಳಲ್ಲಿ ಅಂಚು ಸವೆದದ್ದು ಅದರದೇ ಚಿತ್ರ. ಬಾವುಟದ ಹುಡುಗಿ ಎರಡು ಗಂಟೆಗೆ ಎಲ್ಲರನ್ನೂ ಬುಡದಲ್ಲಿ ಇಳಿಸಿ, ನಾಲ್ಕಕ್ಕೆ ಸರಿಯಾಗಿ ಬಸ್ ಹೊರಡುತ್ತದೆ, ಸಂಜೆಯ ರೈಲು ಯಾರಿಗೂ ಕಾಯುವುದಿಲ್ಲ ಎಂದು ಮೂರು ಸಲ ಹೇಳಿದಳು. ಗಲ್ಲಕ್ಕೆ ಪಟ್ಟಿ ಅಂಟಿಸಿಕೊಂಡಿದ್ದ ಭಾಮೈದ ಭಾವನ ಮುಖವನ್ನೂ ನೋಡದೆ ಅಕ್ಕನ ಪಕ್ಕ ಹೋಗಿ ನಿಂತ.

“ನೀವು ಬರಲ್ವಾ?” ಎಂದಳು ಹೆಂಡತಿ. ಉತ್ತರ ಅವಳಿಗೆ ಗೊತ್ತಿತ್ತು. “ನಾಲ್ಕಕ್ಕೆ ಬರದೇ ಇದ್ರೆ ನಾನು ಹೋಗ್ತಾ ಇರ್ತೀನಿ, ನೋಡ್ತಾ ಇರಿ.”

ಗೋಪುರದ ಹಿಂದೆ, ರೈಲು ನಿಲ್ದಾಣದ ಎದುರು ಒಂದು ಕ್ಷೌರದಂಗಡಿ. ಒಂದೇ ಕುರ್ಚಿ, ಉದ್ದ ಬೆಂಚು, ಗೋಡೆಗೆ ಸಾಲಾಗಿ ಒರಗಿಸಿದ ಪೆಟ್ಟಿಗೆ ಚೀಲಗಳು. ರೈಲಿಗೆ ಕಾಯುವ ಊರೂರಿನ ಪ್ರಯಾಣಿಕರು ಬೆಂಚಿನ ಮೇಲೆ ಕೂತಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅಂಗಡಿಯವನಿಗೆ ಯಾರ ಮಾತೂ ತಿಳಿಯದು. ಬಡಕಲು ಆಳು, ಎಪ್ಪತ್ತರ ಹತ್ತಿರ, ಪೊದೆಯಂಥ ಹುಬ್ಬು. ಅವನು ಮಾಡುತ್ತಿದ್ದುದನ್ನು ನೋಡಿ ಕ್ಷೌರಿಕ ಬಾಗಿಲಲ್ಲೇ ನಿಂತ.

ಮುದುಕ ಕನ್ನಡಿಯಲ್ಲಿ ಕಪಿಯ ಹಾಗೆ ಮುಖ ಮಾಡುತ್ತಿದ್ದ. ಒಂದು ಕೆನ್ನೆಯೊಳಗೆ ನಾಲಿಗೆ ತುರುಕಿ ಅಡಿಕೆ ಇಟ್ಟುಕೊಂಡವನ ಹಾಗೆ ಉಬ್ಬಿಸಿದ. ಕುರ್ಚಿಯಲ್ಲಿದ್ದವನೂ ಕನ್ನಡಿ ನೋಡಿ ಉಬ್ಬಿಸಿದ. ಬಿಗಿಯಾದ ಚರ್ಮದ ಮೇಲೆ ಸರ್ರನೆ ಕತ್ತಿ ಹೋಯಿತು. ಮುದುಕ ಬಾಯನ್ನು ಬಲಕ್ಕೆ ಸೊಟ್ಟ ಮಾಡಿದ. ಗಿರಾಕಿಯೂ ಸೊಟ್ಟ ಮಾಡಿದ. ಮೇಲ್ದುಟಿಯನ್ನು ಹಲ್ಲಿನ ಮೇಲೆ ಕೆಳಗೆಳೆದ, ಗಲ್ಲವನ್ನು ಮುಂದೆ ಚಾಚಿದ, ಆಕಾಶ ನೋಡಿದ. ಅವನು ಏನು ಮಾಡಿದರೆ ಇವನೂ ಅದನ್ನೇ ಮಾಡಿದ. ಒಂದು ಮಾತಿಲ್ಲ. ಮುದುಕನ ಎಡಗೈ ಹೆಚ್ಚುಹೊತ್ತು ಕುರ್ಚಿಯ ಬೆನ್ನ ಮೇಲೇ ಇತ್ತು.

ಸರದಿ ಬಂದಾಗ ಕ್ಷೌರಿಕನ ಜೊತೆಗೆ ಕೊಡಲು ಯಾರ ಗಡ್ಡವೂ ಇರಲಿಲ್ಲ. ಒಂದು ಕ್ಷಣ ಆ ಕುರ್ಚಿಯನ್ನೇ ನೋಡಿದ. ಆಮೇಲೆ ಹೋಗಿ ಕೂತ. ಎರಡು ದಿನದ ಅವನ ಗಡ್ಡ ಹತ್ತು ನಿಮಿಷದಲ್ಲಿ ಹೋಯಿತು. ಆ ಹತ್ತು ನಿಮಿಷದಲ್ಲಿ ಎಂಟು ಮುಖ ಎಣಿಸಿದ.

ಮುಗಿದ ಮೇಲೆ ಎದ್ದು ಹೋಗಲಿಲ್ಲ. ತನ್ನ ಎಡಗೈ ಎತ್ತಿ ತೋರಿಸಿದ. ಹೆಬ್ಬೆರಳನ್ನು ಬಲಗೈಯಿಂದ ಎತ್ತಿ ಬಿಟ್ಟ. ಅದು ಒದ್ದೆ ಬಟ್ಟೆಯ ಹಾಗೆ ಬಿತ್ತು. ಬಲಗೈಯನ್ನು ಗಾಳಿಯಲ್ಲಿ ಕತ್ತಿಯ ಹಾಗೆ ಆಡಿಸಿ, ಎದೆ ತಟ್ಟಿಕೊಂಡು, ನಾನೂ ನಿನ್ನ ಕಸುಬಿನವನೇ ಎಂದು ಸನ್ನೆ ಮಾಡಿದ. ಮುದುಕ ಆ ಹೆಬ್ಬೆರಳನ್ನು ಹಿಡಿದು ಹಿಸುಕಿ ನೋಡಿದ. ಹುಬ್ಬು ಏರಿಸಿದ. ಆಮೇಲೆ ಬಟ್ಟೆ ಕೊಡವಿ ತಾನೇ ತನ್ನ ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ಇವನನ್ನು ನೋಡಿ, ಹೂಂ, ಮಾಡು ಎಂಬಂತೆ ಗಲ್ಲ ಅಲುಗಿಸಿದ.

ಕ್ಷೌರಿಕ ಹಿಂದೆ ನಿಂತು ಕೆನ್ನೆ ಸ್ವಲ್ಪ ಉಬ್ಬಿಸಿದ. ಮುದುಕ ಮರದ ಬೊಂಬೆಯ ಹಾಗೆ ಕೂತೇ ಇದ್ದ. ಇನ್ನೂ ಸ್ವಲ್ಪ ಉಬ್ಬಿಸಿದ. ಮುದುಕ ಆಕಳಿಸಿದ. ಬೆಂಚಿನವರು ಕಿಸಕ್ಕೆಂದರು. ಕ್ಷೌರಿಕನ ಕಿವಿ ಬಿಸಿಯಾಯಿತು. ಕುರ್ಚಿಯ ಹಿಂದೆ ನಿಂತವನು ನಗಬಾರದು, ಮುಖ ಗಂಭೀರವಾಗಿರಬೇಕು ಎಂದು ಅಪ್ಪ ಕಲಿಸಿದ್ದ. ಮೂವತ್ತೆಂಟು ವರ್ಷ ಆ ಮುಖವನ್ನು ಇಸ್ತ್ರಿ ಮಾಡಿದ ಅಂಗಿಯಂತೆ ಕಾಪಾಡಿಕೊಂಡು ಬಂದಿದ್ದ. ಗೋಡೆಯ ಗಡಿಯಾರದಲ್ಲಿ ಮೂರೂ ಮುಕ್ಕಾಲು. ಮೇಷ್ಟ್ರ ಗಡ್ಡ ಕಣ್ಣ ಮುಂದೆ ಬಂತು. ಆಗಿದ್ದಾಗಲಿ ಎಂದು ನಾಲಿಗೆಯನ್ನು ಕೆನ್ನೆಗೆ ಗಟ್ಟಿಯಾಗಿ ತಿವಿದು, ಒಂದು ಕಣ್ಣು ಮುಚ್ಚುವಷ್ಟು ಉಬ್ಬಿಸಿದ. ಮುದುಕ ಥಟ್ಟನೆ ಉಬ್ಬಿಸಿದ. ಬಾಯಿ ಸೊಟ್ಟ ಮಾಡಿದ, ಮುದುಕನೂ ಮಾಡಿದ. ಎಂಟೂ ಮುಖ ಮುಗಿಸಿದಾಗ ಬೆಂಚಿನ ಮೇಲಿದ್ದ ಯಾವ ಊರಿನವನೋ ಚಪ್ಪಾಳೆ ತಟ್ಟಿದ. ಮುದುಕ ಎದ್ದು ಇವನ ಬಲಭುಜಕ್ಕೊಂದು ಗುದ್ದಿ, ಮುಂದಿನವನನ್ನು ಕರೆದ.

ಬಸ್ ಇನ್ನೂ ನಿಂತಿತ್ತು. ಹೆಂಡತಿ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಬಾಗಿಲು ಮುಚ್ಚದಂತೆ ನಿಂತಿದ್ದಳು. ಬಾವುಟದ ಹುಡುಗಿಯ ಮುಖ ಕೆಂಪಾಗಿತ್ತು.

“ಗೋಪುರ ಹೇಗಿತ್ತೇ?” ಎಂದ ಏದುಸಿರಲ್ಲಿ.

“ಚೆನ್ನಾಗಿತ್ತು. ಮಂಡಿ ಮುರೀತು. ನಿಮಗೇನು ಸಿಕ್ತು?”

ಅವನು ಬಾಯಿ ಸೊಟ್ಟ ಮಾಡಿ, ಒಂದು ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ ತೋರಿಸಿದ.

“ಅಯ್ಯೋ ಅಕ್ಕ! ಭಾವಂಗೆ ಮತ್ತೆ ಹೊಡೀತು!” ಎಂದು ಭಾಮೈದ ಕಿಟಕಿಯಿಂದ ಬೊಬ್ಬೆ ಹಾಕಿದ.

ಊರಿಗೆ ಬಂದು ಮೂರು ವಾರ ಆ ಭಾಮೈದನೇ ಮತ್ತೆ ಮುಖ ಕೊಟ್ಟ. ಬೈದುಕೊಂಡೇ ಕೊಟ್ಟ. ಮೊದಲ ವಾರ ಎರಡು ಚುಕ್ಕೆ, ಎರಡನೇ ವಾರ ಒಂದು, ಮೂರನೇ ವಾರ ಒಂದೂ ಇಲ್ಲ. ಮುದುಕನ ಎಂಟು ಮುಖಕ್ಕೆ ಕ್ಷೌರಿಕ ಒಂದು ಕೈ ಸೇರಿಸಿದ. ಜೋಲುವ ಕುತ್ತಿಗೆಗೆ ಮುಖ ಮಾಡಿದರಷ್ಟೇ ಸಾಲದು, ಗಿರಾಕಿ ತನ್ನ ಅಂಗೈಯನ್ನು ಎದೆಯ ಮೇಲಿಟ್ಟು ಚರ್ಮವನ್ನು ಕೆಳಗೆ ಒತ್ತಿ ಹಿಡಿಯಬೇಕು. ಕತ್ತಿ ಕೆಳಗಿನಿಂದ ಮೇಲಕ್ಕೆ ಬರಬೇಕು. ಅದನ್ನು ತೋರಿಸಲು ಅವನು ತನ್ನ ಎಡಗೈಯನ್ನೇ ತನ್ನ ಎದೆಯ ಮೇಲಿಟ್ಟುಕೊಂಡ. ಎಳೆಯಲು ಬಲವಿಲ್ಲದ ಕೈ ತೋರಿಸಲು ಧಾರಾಳವಾಗಿ ಸಾಕಾಗಿತ್ತು.

ನಾಲ್ಕನೇ ವಾರ, ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರು ಬಂದು ಬೆಂಚಿನ ಮೇಲೆ ಕೂತು ಪೇಪರ್ ಬಿಡಿಸಿದರು. ಪಕ್ಕದಲ್ಲಿ ಸೈಕಲ್ ರಿಪೇರಿಯವನು ತನ್ನ ಸರದಿಗೆ ಕಾಯುತ್ತಿದ್ದ. ಕ್ಷೌರಿಕ ಕುರ್ಚಿಯ ಬಟ್ಟೆ ಕೊಡವಿದ.

“ಮೇಷ್ಟ್ರೇ, ಬನ್ನಿ.”

ಪೇಪರ್ ಕೆಳಗಿಳಿಯಿತು. “ಎಲ್ಲಿಗೆ?”

“ಕುರ್ಚಿಗೆ.”

ಮೇಷ್ಟ್ರು ಕನ್ನಡಕದ ಮೇಲಿಂದ ಅವನ ಎಡಗೈ ನೋಡಿದರು. ಅವನು ಮುಚ್ಚಿಡಲಿಲ್ಲ. “ಕೈ ಹಾಗೇ ಇದೆ. ಸರಿಹೋಗಿಲ್ಲ, ಹೋಗೋದೂ ಇಲ್ಲ. ಅದರ ಕೆಲಸ ನೀವು ಮಾಡಬೇಕು. ಕನ್ನಡೀಲಿ ನಾನು ಹ್ಯಾಗೆ ಮುಖ ಮಾಡ್ತೀನೋ ನೀವೂ ಹಾಗೇ ಮಾಡಬೇಕು. ಬೇಡ ಅಂದ್ರೆ ಪೇಪರ್ ಓದಿ, ಬೇಜಾರಿಲ್ಲ.”

“ನೀನು ಮೂತಿ ತಿರುವಿದ್ರೆ ನಾನೂ ತಿರುವಬೇಕು.”

“ಹೌದು.”

“ಮೂವತ್ತಾರು ವರ್ಷ ಹುಡುಗರು ನನ್ನ ಬೆನ್ನ ಹಿಂದೆ ಇದನ್ನೇ ಮಾಡಿದ್ರು. ಆಗ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ,” ಎನ್ನುತ್ತಾ ಮೇಷ್ಟ್ರು ಪೇಪರ್ ಮಡಿಸಿ ಎದ್ದರು.

ಮೊದಲು ಕತ್ತರಿಯಿಂದ ಗಡ್ಡವನ್ನು ಗಿಡ್ಡ ಮಾಡಿದ. ಬಿಳಿ ಕೂದಲು ಮಡಿಲ ತುಂಬ ಬಿತ್ತು. ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು ನೊರೆ ಹಚ್ಚಿದ. ಕೆನ್ನೆ ಉಬ್ಬಿಸಿದ, ಮೇಷ್ಟ್ರು ಒಂದು ಸಲ ಬಾಗಿಲ ಕಡೆ ಕಣ್ಣು ಹಾಯಿಸಿ, ರಸ್ತೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಉಬ್ಬಿಸಿದರು. ಒಂದು ಕೆನ್ನೆ ಮುಗಿಯಿತು. ಇನ್ನೊಂದು. ಮೇಲ್ದುಟಿ. ಗಲ್ಲ. ಕೊನೆಗೆ ಉಳಿದದ್ದು ಕತ್ತು. ನೊರೆಯ ಸಂದಿಯಲ್ಲಿ ಆ ಹಳೆಯ ಗೆರೆ ನಸುಗೆಂಪಾಗಿ ಕಾಣಿಸಿತು. ಕ್ಷೌರಿಕ ಕತ್ತಿಯನ್ನು ಒರೆಸಿದ. ಮತ್ತೊಮ್ಮೆ ಒರೆಸಿದ.

“ಯಾಕೆ ನಿಲ್ಲಿಸಿದೆ?” ಎಂದರು ಮೇಷ್ಟ್ರು.

“ಇಲ್ಲಿ ನಿಮ್ಮ ಕೈ ಬೇಕು.”

“ತೋರಿಸು.”

ಅವನು ಎಡಗೈಯನ್ನು ತನ್ನ ಎದೆಯ ಮೇಲಿಟ್ಟು, ಗಲ್ಲ ಎತ್ತಿ, ಚಾವಣಿ ನೋಡಿದ. ಮೇಷ್ಟ್ರು ಬಟ್ಟೆಯೊಳಗಿಂದ ಕೈ ಹೊರತೆಗೆದು ಎದೆಯ ಮೇಲಿಟ್ಟು ಒತ್ತಿದರು. ಜೋಲುತ್ತಿದ್ದ ಚರ್ಮ ತಮಟೆಯ ಹಾಗೆ ಬಿಗಿಯಾಯಿತು. ಕ್ಷೌರಿಕ ಕತ್ತಿಯನ್ನು ಕೆಳಗಿನಿಂದ ಮೇಲಕ್ಕೆ ತಂದ. ಗೆರೆಯನ್ನು ದಾಟಿತು. ಬಿಳಿ ನೊರೆ ಬಿಳಿಯಾಗಿಯೇ ಬಂತು. ಮತ್ತೊಂದು ಎಳೆತ. ಮತ್ತೊಂದು. ಟವೆಲಿನಿಂದ ಒರೆಸಿದ.

ಮೇಷ್ಟ್ರು ಕೈ ಇಳಿಸಿ ಕತ್ತು ಸವರಿಕೊಂಡರು. “ನಾಡಿದ್ದು ಒಂಬತ್ತಕ್ಕೇ ಬರಲಾ?”

“ಒಂಬತ್ತಕ್ಕೇ ಬನ್ನಿ ಮೇಷ್ಟ್ರೇ,” ಎಂದ ಕ್ಷೌರಿಕ. ಟವೆಲ್ ಮಡಿಸುತ್ತಾ, “ಆ ಎಡಗಡೆ ಕೆನ್ನೆ ಇನ್ನೊಂಚೂರು ಉಬ್ಬಿಸಬೇಕು ನೀವು. ಸಾಲದು,” ಎಂದ.

“ಅಭ್ಯಾಸ ಮಾಡ್ಕೊಂಡು ಬರ್ತೀನಿ.”

ಬಟ್ಟೆ ಬಿಚ್ಚಿ ಕೊಡವಲು ಕ್ಷೌರಿಕ ಬಾಗಿಲ ಕಡೆ ತಿರುಗಿದ. ಬೆಂಚಿನ ಮೇಲೆ ಸೈಕಲ್ ರಿಪೇರಿಯವನು, ಯಾರೂ ಹೇಳದಿದ್ದರೂ, ಗ್ರೀಸಿನ ಅಂಗೈಯನ್ನು ಎದೆಗೆ ಒತ್ತಿಕೊಂಡು, ಒಂದು ಕೆನ್ನೆ ಉಬ್ಬಿಸಿ, ಚಾವಣಿ ನೋಡುತ್ತಾ ಕೂತಿದ್ದ.